ಐಲಾ ದ್ವೀಪದಿಂದ ತಂದ ಸೀಸೆಗಳು: ಸ್ಕಾಚ್ ಸಂಗ್ರಹಕ್ಕೆ ಹೊರಡುವವರಿಗೆ

ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಸೀಸೆ ಎಂದರೆ ಸಾಮಾನ್ಯವಾಗಿ 700 ಮಿಲಿಲೀಟರ್. ಭಾರತಕ್ಕೆ ಬರುವ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. ಮೂರು ಸೀಸೆ ಸೇರಿದರೆ 2.1 ಲೀಟರ್ ಆಗುತ್ತದೆ. ಈ ನೂರು ಮಿಲಿಲೀಟರಿನ ಲೆಕ್ಕ ಹಾಕದೆ 2019ರಲ್ಲಿ ಮೊದಲ ಸಲ, ವಿಸ್ಕಿಗೆ ಹೆಸರಾದ ಸ್ಕಾಟ್ಲೆಂಡಿನ ಐಲಾ ದ್ವೀಪಕ್ಕೆ ಹೋಗಿ ಬಂದಾಗ, ಬೆಂಗಳೂರಿನಲ್ಲಿ ಇಳಿದ ನಡುರಾತ್ರಿ ರೆಡ್ ಚಾನೆಲ್‌ನಲ್ಲಿ ನಿಂತು ಸುಂಕ ಕಟ್ಟಿದ್ದೆ. 2024ರ ಸೆಪ್ಟೆಂಬರಿನಲ್ಲಿ ಹೆಂಡತಿಯ ಜೊತೆ ಮತ್ತೆ ಹೋದಾಗ, ಏನು ಕೊಳ್ಳಬೇಕು ಎನ್ನುವುದಕ್ಕೆ ಮುಂಚೆ ಎಷ್ಟು ತರಬಹುದು, ಉಳಿದದ್ದನ್ನು ಎಲ್ಲಿಡಬಹುದು ಎಂದು ಬರೆದುಕೊಂಡು ಹೊರಟೆ.

ಆ ಚೀಟಿಯ ಮೇಲೆ ಮೊದಲು ಬರೆದದ್ದು: ಕುಡಿಯುವ ಸೀಸೆ ಊರಿಗೆ, ಮಾರುವ ಸೀಸೆ ಅಲ್ಲೇ. ನಮ್ಮ ರಾಜ್ಯದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದವರು ಒಂದು ಸೀಸೆಯನ್ನೂ ಮಾರುವಂತಿಲ್ಲ, ಸ್ನೇಹಿತರಿಗೂ ಕೂಡ. ಮನೆಯಲ್ಲಿ ಇಟ್ಟುಕೊಳ್ಳುವ ಪ್ರಮಾಣಕ್ಕೂ ಮಿತಿಯಿದೆ. ಅಬಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಂಡು, ಕೊಂಡ ಬಿಲ್‌ಗಳನ್ನು ಜೋಪಾನವಾಗಿಡಿ. ಬೀರುವಿನಲ್ಲಿ ಇಪ್ಪತ್ತು ಸೀಸೆ ಜೋಡಿಸಿ ಹತ್ತು ವರ್ಷ ಬಿಟ್ಟು ಲಾಭಕ್ಕೆ ಮಾರುತ್ತೇನೆ ಎನ್ನುವ ಯೋಚನೆ ಬೆಂಗಳೂರಿನಲ್ಲಿ ನಡೆಯುವುದಿಲ್ಲ. ಹೂಡಿಕೆಗೆಂದು ಕೊಂಡದ್ದು ಬ್ರಿಟನ್ನಿನಲ್ಲೇ ಇದ್ದು, ಅಲ್ಲಿಯ ಹರಾಜಿನಲ್ಲೇ ಹೋಗಬೇಕು. ನಮ್ಮ ಅಕ್ಕ ಭಾವ ಗ್ಲಾಸ್ಗೋದಲ್ಲಿ ಇರುವುದರಿಂದ ನನಗೆ ಅದು ಸುಲಭವಾಯಿತು. ಅಲ್ಲಿ ನೆಂಟರಿಲ್ಲದವರಿಗೆ ಕೆಲವು ಹರಾಜು ಸಂಸ್ಥೆಗಳು ಬಾಡಿಗೆ ಪಡೆದು ಸೀಸೆ ಇಟ್ಟುಕೊಳ್ಳುವ ವ್ಯವಸ್ಥೆ ಮಾಡಿಕೊಟ್ಟಿವೆ.

ಇನ್ನು ದಾರಿ. ಐಲಾ ಎಂದು ಉಚ್ಚರಿಸುವ ಈ ದ್ವೀಪದ ಹೆಸರಿನ ಇಂಗ್ಲಿಷ್ ಕಾಗುಣಿತ ನೋಡಿ ಇಸ್ಲೇ ಎಂದು ಓದಬೇಡಿ. ಗ್ಲಾಸ್ಗೋದಿಂದ ಕೆನಾಕ್ರೇಗ್ ಬಂದರಿಗೆ ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ, ಅಲ್ಲಿಂದ ಹಡಗಿನಲ್ಲಿ ಪೋರ್ಟ್ ಎಲೆನ್‌ಗೆ ಹೆಚ್ಚೂಕಮ್ಮಿ ಎರಡು ಗಂಟೆ ಇಪ್ಪತ್ತು ನಿಮಿಷ. ಕಾರು ಹತ್ತಿಸುವುದಾದರೆ ಹಡಗು ಓಡಿಸುವ ಕ್ಯಾಲ್‌ಮ್ಯಾಕ್ ಕಂಪನಿಯ ಟಿಕೆಟನ್ನು ತಿಂಗಳುಗಳ ಮುಂಚೆಯೇ ಮಾಡಿಸಿ. ಕಾರಿಲ್ಲದೆ ಹೋಗುವವರಿಗೆ ಜಾಗ ಸಿಗುವುದು ಅಷ್ಟು ಕಷ್ಟವಲ್ಲ, ಕೆನಾಕ್ರೇಗ್‌ವರೆಗೆ ಬಸ್ಸೂ ಇದೆ. ಗ್ಲಾಸ್ಗೋದಿಂದ ಚಿಕ್ಕ ವಿಮಾನವೂ ಹಾರುತ್ತದೆ. ದಾರಿಯಲ್ಲಿ 'ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್' ಎಂಬ ಘಾಟಿಯಲ್ಲಿ ಮಳೆಗೆ ಗುಡ್ಡ ಕುಸಿಯುವುದುಂಟು, ನಮ್ಮ ಶಿರಾಡಿಯ ಹಾಗೆ. ಆದ್ದರಿಂದ ಹಡಗಿನ ಹೊತ್ತಿಗೆ ಸರಿಯಾಗಿ ಅಳೆದು ಹೊರಡದೆ ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಹನ್ನೆರಡು ತಿಂಗಳು ನಡೆಯುತ್ತದೆ, ಅಲ್ಲೂ ಎಡಗಡೆಯ ಓಡಾಟವೇ. ಐಲಾದ, ಒಂದೇ ವಾಹನ ಹಿಡಿಯುವ ರಸ್ತೆಗಳಲ್ಲಿ ಎದುರು ಬರುವ ಪ್ರತಿಯೊಬ್ಬರೂ ಸ್ಟೀರಿಂಗ್ ಮೇಲಿಂದ ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ನೀವೂ ಹೇಳಿ.

ಕುಡಿದು ಓಡಿಸುವ ಮಾತೇ ಬೇಡ. 2014ರ ಡಿಸೆಂಬರಿನಿಂದ ಸ್ಕಾಟ್ಲೆಂಡಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ; ಇಂಗ್ಲೆಂಡಿನ 80ಕ್ಕಿಂತ ಬಿಗಿ. ಡಿಸ್ಟಿಲರಿಗಳಲ್ಲಿ 'ನಾನು ಡ್ರೈವರ್' ಎಂದರೆ ಸಾಮಾನ್ಯವಾಗಿ ನಿಮ್ಮ ಪಾಲಿನ ಗುಟುಕುಗಳನ್ನು ಪುಟ್ಟ ಶೀಶೆಗಳಿಗೆ ಹಾಕಿ ಕಟ್ಟಿಕೊಡುತ್ತಾರೆ. ನಮ್ಮ ಭಾವ ನಾಲ್ಕು ದಿನವೂ ಕಾರು ಓಡಿಸಿ, ಬರೀ ಮೂಸಿ ನೋಡಿ, ಜೇಬು ತುಂಬ ಶೀಶೆ ಇಟ್ಟುಕೊಂಡು ಬಂದರು.

ಹಡಗು ಪೋರ್ಟ್ ಎಲೆನ್‌ಗೆ ತಿರುಗುವಾಗ ಮೇಲಿನ ಡೆಕ್‌ಗೆ ಹತ್ತಿ ನಿಲ್ಲಿ. ದಡದ ಉದ್ದಕ್ಕೂ ಸುಣ್ಣ ಬಳಿದ ಗೋಡೆಗಳ ಮೇಲೆ ಆಳೆತ್ತರದ ಕಪ್ಪಕ್ಷರದಲ್ಲಿ ಅರ್ಡ್‌ಬೆಗ್, ಲಗಾವುಲಿನ್, ಲಫ್ರೋಯ್ಗ್ ಎಂದು ಡಿಸ್ಟಿಲರಿಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ವರ್ಷಗಟ್ಟಲೆ ಲೇಬಲ್ ಮೇಲೆ ಓದಿದ ಹೆಸರುಗಳು ಹೀಗೆ ಸಮುದ್ರದ ಅಂಚಿನಲ್ಲಿ ನಿಂತಿರುವುದನ್ನು ಕಂಡಾಗ ನನಗೆ ಕಣ್ಣು ತುಂಬಿ ಬಂತು. ಈ ಮೂರೂ ಊರಿಂದ ಸುಮಾರು ಐದು ಕಿಲೋಮೀಟರ್ ಒಳಗೇ ಇವೆ, ನಡುವೆ ಒಳ್ಳೆಯ ಕಾಲುದಾರಿಯಿದೆ. ಒಂದು ದಿನ ಪೂರ್ತಿ ನಡೆದೇ ನೋಡಿ, ಕಾರು ಬೇಡ. ಮಧ್ಯಾಹ್ನದ ಊಟ ಅರ್ಡ್‌ಬೆಗ್‌ನ ಹಳೆಯ ಒಲೆಮನೆಯ (ಮೊಳಕೆ ಬಾರ್ಲಿ ಒಣಗಿಸುತ್ತಿದ್ದ ಕಟ್ಟಡ) ಕೆಫೆಯಲ್ಲಾಗಲಿ. ಸಸ್ಯಾಹಾರಿಗಳು ಬೋಮೋರ್ ಅಥವಾ ಪೋರ್ಟ್ ಎಲೆನ್‌ನ ಕೋ-ಆಪ್ ಅಂಗಡಿಯಿಂದ ಬ್ರೆಡ್ಡು ಹಣ್ಣು ತಂದಿಟ್ಟುಕೊಳ್ಳುವುದು ವಾಸಿ; ಚಟ್ನಿಪುಡಿ ನಮ್ಮ ಚೀಲದಲ್ಲೇ ಇತ್ತು.

ಲಫ್ರೋಯ್ಗ್ (1815ರಲ್ಲಿ ಶುರುವಾದದ್ದು) ಇಂದಿಗೂ ತನಗೆ ಬೇಕಾದ ಬಾರ್ಲಿಯ ಒಂದು ಭಾಗವನ್ನು ನೆಲದ ಮೇಲೆ ಹರಡಿ ತಾನೇ ಮೊಳಕೆ ಕಟ್ಟುತ್ತದೆ. ಆಮೇಲೆ ಪೀಟ್ ಹೊಗೆಯಲ್ಲಿ ಒಣಗಿಸುವುದು. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಹುಲ್ಲು ಪಾಚಿಯ ಹೆಂಟೆ. ಒಲೆಮನೆಯ ಬಾಗಿಲಲ್ಲಿ ನಿಂತಾಗ ಬಂದದ್ದು ನಮ್ಮ ಅಜ್ಜಿ ಮನೆಯ ಬಚ್ಚಲೊಲೆಗೆ ಹಸಿ ಸೌದೆ ತುರುಕಿದಾಗಿನ ಹೊಗೆ, ಅದರ ಜೊತೆ ಸ್ವಲ್ಪ ಡೆಟಾಲ್ ವಾಸನೆ. ಇಲ್ಲಿ ಸೀಸೆ ಕೊಂಡವರು 'ಫ್ರೆಂಡ್ಸ್ ಆಫ್ ಲಫ್ರೋಯ್ಗ್' ಆಗಿ ಸೇರಿದರೆ ಎದುರಿನ ಹೊಲದಲ್ಲಿ ಒಂದು ಚದರ ಅಡಿ ಜಾಗ ಬರೆದುಕೊಡುತ್ತಾರೆ. ನೋಡಲು ಹೋದವರಿಗೆ ಅದರ ಗೇಣಿಯಾಗಿ ಒಂದು ಗುಟುಕು ಕೊಡುತ್ತಾರೆ. ಗಂಬೂಟು ಹಾಕಿಕೊಂಡು ಹೋಗಿ ನಮ್ಮ ಅಡಿಯಲ್ಲಿ ಬಾವುಟ ನೆಟ್ಟು ಬಂದೆವು.

ಬೋಮೋರ್ ಡಿಸ್ಟಿಲರಿಯಲ್ಲಿ (1779) ಸಮುದ್ರಮಟ್ಟಕ್ಕಿಂತ ಕೆಳಗಿರುವ ನಂಬರ್ ಒನ್ ಉಗ್ರಾಣ ತಪ್ಪಿಸಬೇಡಿ. ತಂಪು, ಕತ್ತಲೆ, ಗೋಡೆಯ ಆಚೆ ಅಲೆಯ ಸದ್ದು. ಮಾಗಲು ಇಟ್ಟ ಮರದ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಷ್ಟು ವಿಸ್ಕಿ ಆವಿಯಾಗಿ ಹೋಗುತ್ತದೆ, ಅದನ್ನು 'ದೇವತೆಗಳ ಪಾಲು' ಎನ್ನುತ್ತಾರೆ. ನಮ್ಮ ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿಯಲ್ಲಿ ಈ ಪಾಲು ನೂರಕ್ಕೆ ಹತ್ತನ್ನೂ ದಾಟುತ್ತದೆ. ಇಲ್ಲಿ ವಿಸ್ಕಿ ಬೇಗ ಮಾಗುವುದಕ್ಕೂ, ಅಲ್ಲಿಯಂತೆ ಮೂವತ್ತು ವರ್ಷ ಪೀಪಾಯಿಯಲ್ಲಿ ಉಳಿಯದಿರುವುದಕ್ಕೂ ಇದೇ ಕಾರಣ. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯ, ಮೊಳಕೆ ಬಾರ್ಲಿಯ ವಿಸ್ಕಿ) 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲೇ.

ಸಂಗ್ರಹಕಾರನಿಗೆ ಮುಖ್ಯವಾದ ಜಾಗ ಮಾತ್ರ ಡಿಸ್ಟಿಲರಿಯೊಳಗಿನ ಅಂಗಡಿ. ಲಗಾವುಲಿನ್ 16 ಬೆಂಗಳೂರಿನಲ್ಲೂ ಸಿಗುತ್ತದೆ, ದುಬೈಯಲ್ಲೂ ಸಿಗುತ್ತದೆ. ಅದನ್ನು ಅಲ್ಲಿಂದ ಹೊತ್ತು ತರಬೇಡಿ. ಅಲ್ಲಿ ಮಾತ್ರ ಸಿಗುವುದನ್ನು ಕೊಳ್ಳಿ. ಬ್ರೂಕ್‌ಲ್ಯಾಡಿ ಡಿಸ್ಟಿಲರಿಯಲ್ಲಿ 'ವ್ಯಾಲಿಂಚ್' ಎಂಬ ಹೆಸರಿನಲ್ಲಿ ಒಂದೇ ಪೀಪಾಯಿಯ ವಿಸ್ಕಿ ಮಾರುತ್ತಾರೆ, ಅದು ಮುಗಿದರೆ ಮುಗಿಯಿತು. ವ್ಯಾಲಿಂಚ್ ಎಂದರೆ ಪೀಪಾಯಿಯ ಬಾಯಿಂದ ವಿಸ್ಕಿ ಎಳೆಯುವ ಉದ್ದನೆಯ ಕೊಳವೆ. ನನ್ನ ಸೀಸೆಯನ್ನು ನಾನೇ ತುಂಬಿ, ಬಿರಡೆ ಒತ್ತಿ, ಲೇಬಲ್ ಮೇಲೆ ತಾರೀಕು ಬರೆದು, ರಿಜಿಸ್ಟರ್‌ನಲ್ಲಿ ಕನ್ನಡದಲ್ಲೇ ಸಹಿ ಹಾಕಿದೆ. ಕೌಂಟರಿನ ಹುಡುಗಿ ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು ಆ ಅಕ್ಷರಗಳನ್ನು ಸುಮಾರು ಹೊತ್ತು ನೋಡಿದಳು. ಈ ಸೀಸೆ 500 ಮಿಲಿಲೀಟರಿನದು. ಎರಡು 700, ಒಂದು 500: ಒಟ್ಟು 1.9 ಲೀಟರ್. ನನ್ನ ಲೆಕ್ಕ ಕೂಡಿದ್ದು ಅಲ್ಲಿ. ಗಂಡ ಹೆಂಡತಿ ಇಬ್ಬರ ನಾಲ್ಕು ಲೀಟರನ್ನು ಒಟ್ಟು ಹಾಕಿ ಹಂಚುವಂತಿಲ್ಲ, ಒಬ್ಬೊಬ್ಬರ ಲೆಕ್ಕ ಬೇರೆಬೇರೆ ಎನ್ನುವುದೂ ನೆನಪಿರಲಿ.

ಮೇ ತಿಂಗಳ ಕೊನೆಗೆ ಐಲಾದಲ್ಲಿ ಫೇಷ್ ಈಲಾ ಉತ್ಸವ ನಡೆಯುತ್ತದೆ. ಪ್ರತಿ ಡಿಸ್ಟಿಲರಿಯೂ ಆ ವಾರಕ್ಕೆಂದೇ ವಿಶೇಷ ಸೀಸೆ ತರುವುದರಿಂದ ಸಂಗ್ರಹಕಾರರು ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಾರೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಬೇಡ ಎಂದೇ. ರೂಮು, ಹಡಗು ಎರಡೂ ಸಿಗುವುದಿಲ್ಲ, ಉಗ್ರಾಣದಲ್ಲಿ ನಿಂತು ಮಾತಾಡಲು ಯಾರಿಗೂ ಬಿಡುವಿರುವುದಿಲ್ಲ. ಸೆಪ್ಟೆಂಬರ್ ಒಳ್ಳೆಯದು, ಮಳೆ ಅಂಗಿಯಂತೂ ಯಾವಾಗಲೂ ಬೇಕು.

ಐಲಾದಿಂದ ಮರಳುವಾಗ ಕೆನಾಕ್ರೇಗ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ಹೋದರೆ ಕ್ಯಾಂಬೆಲ್‌ಟೌನ್. ಒಂದು ಕಾಲಕ್ಕೆ ಮೂವತ್ತು ಭಟ್ಟಿಗಳಿದ್ದ ಊರು. ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿ (1828) ಇಲ್ಲಿಯದು; ಮೊಳಕೆ ಕಟ್ಟುವುದರಿಂದ ಸೀಸೆಗೆ ತುಂಬುವವರೆಗೆ ಎಲ್ಲವೂ ಅಲ್ಲೇ. ಸಂಗ್ರಹಕಾರರು ಇದರ ಹಿಂದೆ ಬಿದ್ದಿರುವುದರಿಂದ ಅಂಗಡಿಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಒಂದು ರಾತ್ರಿ ಉಳಿದು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಸ್ಕಾಟ್ಲೆಂಡಿನಲ್ಲಿ ಅಂಗಡಿಯಿಂದ ಮದ್ಯ ಕೊಂಡೊಯ್ಯಲು ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಮಾತ್ರ ಅವಕಾಶ. ವಿದೇಶಿ ಪ್ರವಾಸಿಗರಿಗೆ ಅಂಗಡಿಯ ಖರೀದಿ ಮೇಲಿನ ವ್ಯಾಟ್ ಮರಳಿಸುತ್ತಿದ್ದ ಪದ್ಧತಿ 2021ರಿಂದ ಇಲ್ಲ. ಹಳೆಯ ಬರಹ ಓದಿ ಆ ದುಡ್ಡು ವಾಪಸ್ ಬರುತ್ತದೆಂದು ಲೆಕ್ಕ ಹಾಕಬೇಡಿ.

ಸ್ಕಾಟ್ಲೆಂಡಿನ ಇನ್ನೊಂದು ವಿಸ್ಕಿ ಸೀಮೆಯಾದ ಸ್ಪೇಸೈಡ್ ಬಗ್ಗೆ ಒಂದೇ ಮಾತು: ಒಂದೇ ವಾರದಲ್ಲಿ ಐಲಾವನ್ನೂ ಅದನ್ನೂ ಸೇರಿಸಬೇಡಿ. ರೈಲಿನಲ್ಲಿ ಎಲ್ಗಿನ್ ತಲುಪಿ, ಬಸ್ಸಿನಲ್ಲಿ ಕ್ರೇಗಲಾಹಿ, ಅಬರ್ಲವರ್, ಡಫ್‌ಟೌನ್ ನೋಡಬಹುದು. 1895ರಲ್ಲಿ ಕಿರಾಣಿ ಅಂಗಡಿಯಾಗಿ ಶುರುವಾದ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಎಂಬ ವಿಸ್ಕಿ ಸಂಸ್ಥೆ ಎಲ್ಗಿನ್ನಿನದೇ. ಆದರೆ ಅದಕ್ಕೆ ಬೇರೆಯೇ ಪ್ರವಾಸ ಬೇಕು.

ಈಗ ದುಡ್ಡಿನ ಮಾತು. 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಮ್ಯಾಕಾಲನ್ ಡಿಸ್ಟಿಲರಿಯ 1926ರ ಒಂದು ಸೀಸೆ 21 ಲಕ್ಷ ಪೌಂಡ್ ದಾಟಿದ ಸುದ್ದಿ ಎಲ್ಲರೂ ಓದಿದ್ದೇವೆ. ಅರವತ್ತು ವರ್ಷ ಮಾಗಿದ ಆ ಪೀಪಾಯಿಯಿಂದ ಬಂದದ್ದೇ ನಲವತ್ತು ಸೀಸೆ. ನಾವು ಕೊಳ್ಳುವುದು ಅಂಥದ್ದಲ್ಲ. 2019ರಲ್ಲಿ ನಾನು 95 ಪೌಂಡಿಗೆ ಕೊಂಡು ಭಾವನ ಮನೆಯಲ್ಲಿಟ್ಟಿದ್ದ ಸೀಸೆ ಈ ಸಲ ಹರಾಜಿನಲ್ಲಿ 130ಕ್ಕೆ ಹೋಯಿತು. ಮಾರಾಟದ ಕಮಿಷನ್, ಕೊರಿಯರ್, ವಿಮೆ ಕಳೆದು ಕೈಗೆ ಬಂದದ್ದು 108. ಐದು ವರ್ಷಕ್ಕೆ ಇಷ್ಟು. ಬ್ಯಾಂಕಿನಲ್ಲಿ ಎಫ್‌ಡಿ ಮಾಡಿದ್ದರೆ ಇದಕ್ಕಿಂತ ಹೆಚ್ಚು ಬರುತ್ತಿತ್ತು. 2022ರ ಸುಮಾರಿಗೆ ಏರಿದ್ದ ಬೆಲೆಗಳು ಆಮೇಲೆ ಇಳಿದವು, ನಾನು ಮಾರಿದ್ದು ಇಳಿದ ಕಾಲದಲ್ಲಿ. ಮುಚ್ಚಿದ ಡಿಸ್ಟಿಲರಿಯ ಸೀಸೆ, ಒಂದೇ ಪೀಪಾಯಿಯ ಸೀಸೆ, ಹೊಸ ಡಿಸ್ಟಿಲರಿಯ ಮೊದಲ ಬಿಡುಗಡೆ ಇವಕ್ಕೆ ಬೇಡಿಕೆ ಉಳಿಯುತ್ತದೆ. 'ಲಿಮಿಟೆಡ್ ಎಡಿಷನ್' ಎಂದು ಅಚ್ಚು ಹಾಕಿ ಹತ್ತಾರು ಸಾವಿರ ಸೀಸೆ ಬಿಟ್ಟರೆ ಅದರಲ್ಲಿ ಅಪರೂಪವೇನೂ ಇಲ್ಲ, ಲೇಬಲ್ ಮೇಲೆ ಒಟ್ಟು ಎಷ್ಟು ಸೀಸೆ ಎಂದು ಬರೆದಿದೆಯೇ ನೋಡಿ. ಮಾರುವ ಆಲೋಚನೆ ಇದ್ದರೆ ಪೆಟ್ಟಿಗೆ, ಬಿಲ್ಲು, ಕುತ್ತಿಗೆಯವರೆಗಿನ ವಿಸ್ಕಿ ಮಟ್ಟದ ಫೋಟೋ ಮೂರೂ ಇರಲಿ.

ತೀರ ಹಳೆಯ ಸೀಸೆಗಳ ತಂಟೆಗೆ ಹೋಗಬೇಡಿ. 2017ರಲ್ಲಿ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ 1878ರ ಮ್ಯಾಕಾಲನ್ ಎಂದು ಗಿರಾಕಿಯೊಬ್ಬರು ಒಂದು ಗುಟುಕಿಗೆ ಹತ್ತಿರ ಹತ್ತಿರ ಹತ್ತು ಸಾವಿರ ಫ್ರಾಂಕ್ ಕೊಟ್ಟರು. ಆಕ್ಸ್‌ಫರ್ಡಿನಲ್ಲಿ ಕಾರ್ಬನ್ ಪರೀಕ್ಷೆ ಮಾಡಿದಾಗ ಅದು 1970ರ ಆಸುಪಾಸಿನದೆಂದು ಗೊತ್ತಾಯಿತು.

ಇದಕ್ಕಿಂತ ದೊಡ್ಡ ಅಪಾಯ ಪೀಪಾಯಿ ಹೂಡಿಕೆ, ಅಂದರೆ ಮಾಗುತ್ತಿರುವ ವಿಸ್ಕಿಯ ಪೀಪಾಯಿಯನ್ನೇ ಲಾಭಕ್ಕೆಂದು ಕೊಳ್ಳುವುದು. ಮೊದಲ ಪ್ರವಾಸದ ನಂತರ ನನಗೆ ಲಂಡನ್ನಿನಿಂದ ಎಂದು ಹೇಳಿಕೊಂಡು ಒಬ್ಬರು ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಹತ್ತು ವರ್ಷದಲ್ಲಿ ಮೂರು ಪಟ್ಟು ಎಂದರು, ಬಣ್ಣದ ಪ್ರಮಾಣಪತ್ರದ ಮಾದರಿ ಕಳಿಸಿದರು. ಭಾವ ಕೇಳಿದ್ದು ಒಂದೇ ಪ್ರಶ್ನೆ: 'ಉಗ್ರಾಣದವರು ಒಪ್ಪಿದ ಡೆಲಿವರಿ ಆರ್ಡರ್ ಇದೆಯಾ ಕೇಳಪ್ಪ.' ಕೇಳಿದೆ, ಫೋನ್ ನಿಂತಿತು. ಪೀಪಾಯಿಯ ಒಡೆತನ ಬದಲಾಗುವುದು ಆ ಪತ್ರದಿಂದ, ಅದು ಇರುವ ಉಗ್ರಾಣದ ಪುಸ್ತಕದಲ್ಲಿ ನಿಮ್ಮ ಹೆಸರು ಏರಿದಾಗ. ಮಾರುವವರು ತಾವೇ ಮುದ್ರಿಸಿದ ಪ್ರಮಾಣಪತ್ರದಿಂದ ಅಲ್ಲ. ಈ ವ್ಯವಹಾರದ ಮೇಲೆ ಬ್ರಿಟನ್ನಿನ ಹಣಕಾಸು ನಿಯಂತ್ರಕರ ಕಣ್ಣಿಲ್ಲ. ನಿಜವಾದ ಪೀಪಾಯಿಯೇ ಆದರೂ ಉಗ್ರಾಣದ ಬಾಡಿಗೆ, ವಿಮೆ ನಿಮ್ಮದೇ, ಮದ್ಯಸಾರ 40 ಪರ್ಸೆಂಟಿಗಿಂತ ಕೆಳಗಿಳಿದರೆ ಅದು ಕಾನೂನಿನ ಪ್ರಕಾರ ಸ್ಕಾಚ್ ಆಗಿ ಉಳಿಯುವುದಿಲ್ಲ. ಊರಿಗೆ ತರಿಸುತ್ತೇನೆ ಎಂದರೂ ಆಗದು. 2012ರಿಂದ ಸಿಂಗಲ್ ಮಾಲ್ಟ್ ಸ್ಕಾಚನ್ನು ಸ್ಕಾಟ್ಲೆಂಡಿನಲ್ಲೇ ಸೀಸೆಗೆ ತುಂಬಬೇಕು.

ಸೀಸೆ ಕಟ್ಟುವ ಬಗೆ: ಬಿರಡೆಯ ಸುತ್ತ ಪ್ಯಾರಾಫಿಲ್ಮ್ (ಹಿಗ್ಗುವ ಮೇಣದ ಪಟ್ಟಿ) ಎಳೆದು ಸುತ್ತಿ, ಜಿಪ್ ಚೀಲದಲ್ಲಿ ಹಾಕಿ, ಎರಡು ಉಣ್ಣೆ ಕಾಲುಚೀಲ ತೊಡಿಸಿ, ಸೂಟ್‌ಕೇಸಿನ ನಟ್ಟನಡುವೆ ಬಟ್ಟೆಯ ನಡುವೆ ಇಡಿ. ಚೆಕ್-ಇನ್ ಸಾಮಾನಿನಲ್ಲೇ ಹೋಗಲಿ. ವಿಮಾನದ ನಿಯಮದಂತೆ 70 ಪರ್ಸೆಂಟಿನವರೆಗಿನ ಮದ್ಯ ಒಬ್ಬರಿಗೆ ಐದು ಲೀಟರ್. ನಮ್ಮ ಆರೂ ಸೀಸೆ ಒಡೆಯದೆ, ಸೋರದೆ ಬಂದವು, ಗ್ರೀನ್ ಚಾನೆಲ್‌ನಲ್ಲಿ ಹೊರಗೆ ನಡೆದೆವು.

ಮನೆಯಲ್ಲಿ ಸೀಸೆಯನ್ನು ವೈನಿನಂತೆ ಮಲಗಿಸಬೇಡಿ, ಮದ್ಯಸಾರ ಬಿರಡೆಯನ್ನು ತಿನ್ನುತ್ತದೆ. ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ಸೀಸೆಯೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ, ಹನ್ನೆರಡು ವರ್ಷದ್ದು ಎಂದೆಂದಿಗೂ ಹನ್ನೆರಡೇ. ನಮ್ಮದು ರೂಮಿನ ಮರದ ಬೀರುವಿನ ಕೆಳಖಾನೆಯಲ್ಲಿದೆ. ಐದು ಸೀಸೆ ತೆರೆದಾಯಿತು. ಬ್ರೂಕ್‌ಲ್ಯಾಡಿಯಲ್ಲಿ ನಾನು ತುಂಬಿದ್ದನ್ನು ಮಾತ್ರ ಮುಟ್ಟಿಲ್ಲ. ಆ ದಿನ ಕಾರಿನ ಕೀ ಭಾವನ ಕೈಯಲ್ಲಿತ್ತು. ಅವರು ಊರಿಗೆ ಬಂದ ದಿನ ಅದರ ಬಿರಡೆ ತೆಗೆಯುವುದೆಂದು ಮಾತಾಗಿದೆ.