ಕಾಯಿಲೆಯೇ ಇಲ್ಲ ಅಂದಮೇಲೆ ಟಿಬಿ ಮಾತ್ರೆ ಯಾಕೆ?

"ಟೆಸ್ಟ್ ಪಾಸಿಟಿವ್ ಬಂದಿದೆ. ಕೆಮ್ಮಿಲ್ಲ, ಜ್ವರವಿಲ್ಲ, ಎಕ್ಸ್-ರೇ ಚೆನ್ನಾಗಿಯೇ ಇದೆ. ಆದರೂ ತಿಂಗಳುಗಟ್ಟಲೆ ಮಾತ್ರೆ ನುಂಗಿ ಅಂತಾರೆ. ಯಾಕೆ?" ಸುಪ್ತ ಕ್ಷಯದ, ಅಂದರೆ ಟಿಬಿ ಸೋಂಕಿನ ಗುರುತಿದ್ದೂ ಕಾಯಿಲೆ ಇಲ್ಲದ ಸ್ಥಿತಿಯ, ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಎದ್ದೇ ಏಳುತ್ತದೆ. ಕೇಳುವುದು ನ್ಯಾಯವೇ. ನನ್ನ ಉತ್ತರ ಇಷ್ಟು: ಪಾಸಿಟಿವ್ ಬಂದ ಎಲ್ಲರಿಗೂ ಮಾತ್ರೆ ಬೇಕಿಲ್ಲ, ಕೆಲವರಿಗೆ ತಪ್ಪದೆ ಬೇಕು. ಯಾರಿಗೆ ಬೇಕು ಎಂಬುದನ್ನು ಆ ಟೆಸ್ಟ್ ತಾನೊಂದೇ ಹೇಳಲಾರದು.

ಮೊದಲು ಟೆಸ್ಟ್ ಏನನ್ನು ಅಳೆಯುತ್ತದೆ ನೋಡೋಣ. ಟಿಬಿ ರೋಗಾಣು ಉಸಿರಿನ ಜೊತೆ ಶ್ವಾಸಕೋಶದ ಗಾಳಿಗೂಡುಗಳನ್ನು ಸೇರಿದಾಗ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಅದನ್ನು ನುಂಗುತ್ತವೆ. ಕೆಲವರಲ್ಲಿ ಅದು ಅಲ್ಲಿಗೇ ಸಾಯುತ್ತದೆ. ಕೆಲವರಲ್ಲಿ ಬದುಕುಳಿಯುತ್ತದೆ, ಅದರ ಸುತ್ತ ಕೋಶಗಳು ಮುತ್ತಿಕೊಂಡು ಗ್ರ್ಯಾನುಲೋಮ ಎಂಬ ಗಂಟು ಕಟ್ಟುತ್ತವೆ. ಸೋಂಕು ತಗುಲಿದ 2ರಿಂದ 8 ವಾರಗಳಲ್ಲಿ ಟಿ-ಕೋಶಗಳು ರೋಗಾಣುವಿನ ಪ್ರೋಟೀನುಗಳ ಗುರುತು ಹಿಡಿಯಲು ಕಲಿಯುತ್ತವೆ. ನಮ್ಮ ಟೆಸ್ಟುಗಳು ಅಳೆಯುವುದು ಈ ಕಲಿಕೆಯ ನೆನಪನ್ನು ಮಾತ್ರ. ರೋಗಾಣು ಈಗಲೂ ಜೀವಂತವಾಗಿದೆಯೇ, ಎಷ್ಟಿದೆ, ನಾಳೆ ಏಳುತ್ತದೆಯೇ ಎಂಬ ಯಾವುದನ್ನೂ ಅವು ಹೇಳುವುದಿಲ್ಲ. ರೋಗಾಣು ಸತ್ತ ಮೇಲೂ ನೆನಪು ವರ್ಷಗಟ್ಟಲೆ ಉಳಿಯಬಹುದು.

ಜಗತ್ತಿನ ಸುಮಾರು ಕಾಲು ಭಾಗ ಜನರಲ್ಲಿ ಈ ಸೋಂಕಿನ ಗುರುತು ಇದೆ ಎಂಬುದು ಅಂದಾಜು. ಇವರಲ್ಲಿ ಜೀವಮಾನದಲ್ಲಿ ನಿಜವಾಗಿ ಟಿಬಿ ಬರುವುದು ಶೇ 5ರಿಂದ 10ರಷ್ಟು ಮಂದಿಗೆ. ಅದೂ ಇಡೀ ಆಯುಷ್ಯದ ಮೇಲೆ ಸಮನಾಗಿ ಹರಡಿಲ್ಲ. 2018 ಮತ್ತು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸಂಶೋಧಕರಾದ ಮಾರ್ಸೆಲ್ ಬೇರ್, ಪಾಲ್ ಎಡೆಲ್‌ಸ್ಟೈನ್, ಲಲಿತಾ ರಾಮಕೃಷ್ಣನ್ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ತೆರೆದು ನೋಡಿ ಎರಡು ವಿಷಯ ಮುಂದಿಟ್ಟರು. ಟಿಬಿ ಬರುವವರಲ್ಲಿ ಬಹುಪಾಲು ಜನರಿಗೆ ಅದು ಸೋಂಕಾದ ಎರಡು ವರ್ಷಗಳೊಳಗೇ ಬರುತ್ತದೆ. ಹಾಗೆಯೇ, ಟೆಸ್ಟ್ ಪಾಸಿಟಿವ್ ಇದ್ದವರಿಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಚಿಕಿತ್ಸೆ ಕೊಟ್ಟಾಗಲೂ ಬಹುತೇಕರಿಗೆ ಟಿಬಿ ಬಂದಿಲ್ಲ, ಅಂದರೆ ಅವರ ದೇಹದಲ್ಲಿ ಜೀವಂತ ರೋಗಾಣು ಉಳಿದಿರಲಿಲ್ಲ ಎಂಬುದು ಈ ಮೂವರ ವಾದ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಕಳೆದ ಹತ್ತು ವರ್ಷಗಳ ಬಹುಮುಖ್ಯ ಮರುಚಿಂತನೆ ಇದು. ಮೂವತ್ತು ವರ್ಷದ ಹಿಂದೆ ಸೋಂಕಾದ ಆರೋಗ್ಯವಂತ, ಕಳೆದ ತಿಂಗಳು ಮನೆಯಲ್ಲೇ ಕಫದ ಟಿಬಿ ಇದ್ದವರೊಡನೆ ಮಲಗಿ ಎದ್ದ ಮಗು, ಇಬ್ಬರ ರಿಪೋರ್ಟಿನಲ್ಲೂ ಇರುವುದು 'ಪಾಸಿಟಿವ್' ಎಂಬ ಒಂದೇ ಪದ. ಅಪಾಯ ಮಾತ್ರ ಅಜಗಜಾಂತರ. ಮಗುವಿನ ಲೆಕ್ಕ ಎಷ್ಟು ಕಠಿಣವೆಂದರೆ, ರೋಗಿಯ ಸಂಪರ್ಕಕ್ಕೆ ಬಂದು ಟೆಸ್ಟ್ ಪಾಸಿಟಿವ್ ಆದ, 5 ವರ್ಷದೊಳಗಿನ ಮಕ್ಕಳಿಗೆ ತಡೆ ಔಷಧಿ ಕೊಡದೆ ಬಿಟ್ಟರೆ ಎರಡು ವರ್ಷದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಟಿಬಿ ಬರುತ್ತದೆ. 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಅಂಕಿ ಇದು.

ಆದ್ದರಿಂದ ಟೆಸ್ಟ್ ಮಾಡುವ ಮುನ್ನವೇ ಕೇಳಬೇಕಾದದ್ದು: ಪಾಸಿಟಿವ್ ಬಂದರೆ ಚಿಕಿತ್ಸೆ ಕೊಡುತ್ತೇವೆಯೇ? ಇಲ್ಲ ಅನ್ನುವುದಾದರೆ ಟೆಸ್ಟ್ ಬೇಡ. ಹೌದು ಅನ್ನಬೇಕಾದವರು ಯಾರೆಂದರೆ ಟಿಬಿ ರೋಗಿಯ ಮನೆಯವರು, ಎಚ್‌ಐವಿ ಇರುವವರು, ಸಂಧಿವಾತ ಅಥವಾ ಕರುಳಿನ ಉರಿಯೂತಕ್ಕೆ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಶುರು ಮಾಡಲಿರುವವರು, ಡಯಾಲಿಸಿಸ್‌ನಲ್ಲಿ ಇರುವವರು, ಅಂಗಾಂಗ ಕಸಿಗೆ ಸಿದ್ಧರಾಗುತ್ತಿರುವವರು, ಕಲ್ಲಿನ ದೂಳಿನಿಂದ ಸಿಲಿಕೋಸಿಸ್ ಆದವರು. ಎಚ್‌ಐವಿ ಇರುವವರಿಗೂ ಮನೆಯ ಪುಟ್ಟ ಮಕ್ಕಳಿಗೂ ಟೆಸ್ಟ್ ಸಿಗದಿದ್ದರೆ ಅದಕ್ಕಾಗಿ ಕಾಯಬೇಕಿಲ್ಲ, ಸಕ್ರಿಯ ಟಿಬಿ ಇಲ್ಲವೆಂದು ಖಚಿತವಾದರೆ ಔಷಧಿ ಶುರು ಮಾಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಇನ್ನು ಟೆಸ್ಟುಗಳು. ಚರ್ಮದ ಟೆಸ್ಟ್, ಅಂದರೆ ಮಾಂಟೂ, ನೂರು ವರ್ಷಕ್ಕೂ ಹಳೆಯದು. ಮುಂಗೈಯ ಒಳಭಾಗದಲ್ಲಿ 0.1 ಮಿಲಿಲೀಟರ್ ಟ್ಯೂಬರ್ಕ್ಯುಲಿನ್ (ಟಿಬಿ ರೋಗಾಣುವಿನ ಪ್ರೋಟೀನುಗಳ ಸಾರ) ಅನ್ನು ಚರ್ಮದ ಪದರದೊಳಗೆ ಕೊಡಬೇಕು. ಸೂಜಿಯ ಓರೆ ತುದಿ ಮೇಲ್ಮುಖವಾಗಿರಬೇಕು, ಸೂಜಿ ಚರ್ಮಕ್ಕೆ 5ರಿಂದ 15 ಡಿಗ್ರಿಯಷ್ಟೇ ಓರೆಯಾಗಿರಬೇಕು. ಸರಿಯಾಗಿ ಕೊಟ್ಟರೆ 6ರಿಂದ 10 ಮಿಲಿಮೀಟರ್‌ನ ಬಿಳಿಚಿದ ಗುಳ್ಳೆ ಏಳುತ್ತದೆ. ಗುಳ್ಳೆ ಏಳದಿದ್ದರೆ ಔಷಧಿ ಚರ್ಮದ ಕೆಳಗಿಳಿದಿದೆ ಎಂದರ್ಥ. ಆಗ ಕನಿಷ್ಠ 5 ಸೆಂಟಿಮೀಟರ್ ದೂರದಲ್ಲಿ ಮತ್ತೆ ಕೊಡಬೇಕು. ಓದುವುದು 48ರಿಂದ 72 ಗಂಟೆಯೊಳಗೆ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ: ಕೆಂಪನ್ನು ಅಳೆಯುತ್ತಾರೆ. ಕೆಂಪಿಗೆ ಬೆಲೆಯಿಲ್ಲ. ಬೆರಳಿಗೆ ಸಿಗುವ ಗಟ್ಟಿ ಉಬ್ಬನ್ನು ಮಾತ್ರ, ಕೈಯ ಉದ್ದಕ್ಕಲ್ಲ ಅಡ್ಡಕ್ಕೆ, ಅಳೆಯಬೇಕು. ಬಾಲ್‌ಪೆನ್ನನ್ನು ಹೊರಗಿನಿಂದ ಉಬ್ಬಿನ ಕಡೆಗೆ ಎಳೆಯುತ್ತ ಬಂದು ತಡೆದಲ್ಲಿ ನಿಲ್ಲಿಸಿ, ಎದುರು ಬದಿಯಿಂದಲೂ ಹಾಗೇ ಮಾಡಿ, ಎರಡು ಗೆರೆಗಳ ನಡುವಿನ ಅಂತರ ಅಳೆದರೆ ಸುಲಭ. ಬರೆಯುವಾಗ 'ನೆಗೆಟಿವ್' ಎನ್ನದೆ '0 ಮಿಮೀ' ಎಂದೇ ಬರೆಯಿರಿ, ಏಕೆಂದರೆ ಪಾಸಿಟಿವ್ ಎನ್ನಲು ಬೇಕಾದ ಉಬ್ಬಿನ ಮಿತಿ ಎಲ್ಲರಿಗೂ ಒಂದೇ ಅಲ್ಲ. ಎಚ್‌ಐವಿ ಇರುವವರಿಗೆ, ಈಚೆಗೆ ರೋಗಿಯ ಸಂಪರ್ಕವಾದವರಿಗೆ, ಪ್ರತಿರೋಧ ಶಕ್ತಿ ಕುಗ್ಗಿಸುವ ಔಷಧಿಯಲ್ಲಿರುವವರಿಗೆ 5 ಮಿಮೀ, ಉಳಿದ ಹೆಚ್ಚಿನವರಿಗೆ 10, ಯಾವ ಅಪಾಯವೂ ಇಲ್ಲದವರಿಗೆ 15 ಎಂಬುದು ಬಳಕೆಯಲ್ಲಿರುವ ಪದ್ಧತಿ. ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಬೆಳಕು ಬೀಳದಂತೆ ಇರಬೇಕು. ತೆರೆದ 30 ದಿನಕ್ಕೆ ಚೆಲ್ಲಬೇಕು. ಒಂದು ಕ್ಲಿನಿಕ್ಕಿನಲ್ಲಿ ಸಾಲುಸಾಲಾಗಿ ಎಲ್ಲರಿಗೂ 0 ಬರತೊಡಗಿದರೆ ಮೊದಲು ಬಾಟಲಿಯನ್ನೇ ಅನುಮಾನಿಸಿ.

ಮಾಂಟೂ ಬಿಸಿಜಿ ಲಸಿಕೆಗೂ ಪ್ರತಿಕ್ರಿಯಿಸುತ್ತದೆ. ಆದರೆ ಹುಟ್ಟಿದಾಗ ಹಾಕಿಸಿದ ಬಿಸಿಜಿಯ ಪ್ರಭಾವ ಹತ್ತು ವರ್ಷಗಳ ನಂತರ ಬಹುಮಟ್ಟಿಗೆ ಇಳಿದಿರುತ್ತದೆ. "ಅದು ಬಿಸಿಜಿಯಿಂದ ಬಂದದ್ದು ಬಿಡಿ" ಎಂದು ವಯಸ್ಕರ 18 ಮಿಮೀ ಉಬ್ಬನ್ನು ತಳ್ಳಿಹಾಕುವುದು ಸರಿಯಲ್ಲ.

ರಕ್ತದ ಟೆಸ್ಟಿಗೆ, ಅಂದರೆ ಇಗ್ರಾಗೆ, ಬಿಸಿಜಿಯ ತೊಡಕಿಲ್ಲ. ಟಿಬಿ ಪ್ರೋಟೀನು ಎದುರಾದಾಗ ಟಿ-ಕೋಶಗಳು ಹೊರಬಿಡುವ ಇಂಟರ್‌ಫೆರಾನ್-ಗ್ಯಾಮಾ ಎಂಬ ವಸ್ತುವನ್ನು ಅದು ಅಳೆಯುತ್ತದೆ. ಅದರಲ್ಲಿ ಬಳಸುವ ಇಸ್ಯಾಟ್-6, ಸಿಎಫ್‌ಪಿ-10 ಎಂಬ ಪ್ರೋಟೀನುಗಳು ಬಿಸಿಜಿ ತಳಿಯಲ್ಲಿ ಇಲ್ಲವೇ ಇಲ್ಲ. ಇವೇ ಪ್ರೋಟೀನುಗಳಿಂದ ಮಾಡಿದ ಹೊಸ ಚರ್ಮದ ಟೆಸ್ಟುಗಳೂ ಬಂದಿವೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವನ್ನು ಒಪ್ಪಿದೆ. ಇಗ್ರಾದ ಒಂದು ಬಗೆಯಾದ ಕ್ವಾಂಟಿಫೆರಾನ್ ಪ್ಲಸ್ ಟೆಸ್ಟಿನಲ್ಲಿ ನಾಲ್ಕು ಟ್ಯೂಬುಗಳು: ಹೋಲಿಕೆಗಾಗಿ ಏನೂ ಸೇರಿಸದ ನಿಲ್, ಟಿಬಿ ಪ್ರೋಟೀನು ಇರುವ ಟಿಬಿ1 ಮತ್ತು ಟಿಬಿ2, ಟಿ-ಕೋಶಗಳು ಪ್ರತಿಕ್ರಿಯಿಸಬಲ್ಲವೇ ಎಂದು ನೋಡುವ ಮೈಟೊಜೆನ್. ಒಂದೊಂದಕ್ಕೂ 1 ಮಿಲಿಲೀಟರ್ ರಕ್ತ ಸಾಕು. ಟ್ಯೂಬಿನ ಒಳಗೋಡೆಗೆ ಪ್ರೋಟೀನು ಒಣಗಿ ಅಂಟಿರುತ್ತದೆ, ಹಾಗಾಗಿ ಹತ್ತು ಸಲ ಅಲುಗಾಡಿಸಿ ರಕ್ತ ಇಡೀ ಗೋಡೆಗೆ ತಾಗುವಂತೆ ಮಾಡಬೇಕು. ಕಡಿಮೆ ಅಲುಗಾಡಿಸಿದರೆ ಪ್ರೋಟೀನು ಕರಗುವುದಿಲ್ಲ, ಜೋರಾಗಿ ಕುಲುಕಿದರೆ ಒಳಗಿನ ಜೆಲ್ ಒಡೆದು ಫಲಿತಾಂಶ ಕೆಡುತ್ತದೆ. 16 ಗಂಟೆಯೊಳಗೆ 37 ಡಿಗ್ರಿ ಇನ್‌ಕ್ಯುಬೇಟರ್‌ಗೆ ಹೋಗಬೇಕು, ಅಲ್ಲಿ 16ರಿಂದ 24 ಗಂಟೆ ಇರಬೇಕು. ಟಿಬಿ ಟ್ಯೂಬಿನ ಮೌಲ್ಯದಲ್ಲಿ ನಿಲ್ ಟ್ಯೂಬಿನದ್ದನ್ನು ಕಳೆದಾಗ 0.35 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದು, ಅದು ನಿಲ್ ಮೌಲ್ಯದ ಕಾಲು ಭಾಗಕ್ಕೂ ಕಡಿಮೆಯಿಲ್ಲದಿದ್ದರೆ ಪಾಸಿಟಿವ್. ಮೈಟೊಜೆನ್ ಟ್ಯೂಬೇ ಏಳದಿದ್ದರೆ ಅದು ನೆಗೆಟಿವ್ ಅಲ್ಲ, 'ನಿರ್ಧರಿಸಲಾಗದು'. ರೋಗಿಯ ಪ್ರತಿರೋಧ ಶಕ್ತಿ ಕುಂದಿರಬಹುದು, ಅಥವಾ ರಕ್ತ ಲ್ಯಾಬ್ ತಲುಪುವುದು ತಡವಾಗಿರಬಹುದು.

ರಿಪೋರ್ಟಿನಲ್ಲಿ ಪಾಸಿಟಿವ್, ನೆಗೆಟಿವ್ ಎಂಬ ಪದಕ್ಕೆ ನಿಲ್ಲದೆ ಅಂಕಿ ಕೇಳಿ. 0.4 ಬಂದವರಿಗೆ ಮರುಟೆಸ್ಟ್ ಮಾಡಿದರೆ 0.25 ಬರುವುದು ಸಾಮಾನ್ಯ. 6 ಬಂದವರದು ಹಾಗೆ ತಿರುಗುವುದು ಅಪರೂಪ. ಗಡಿಯ ಆಸುಪಾಸಿನ ಅಂಕಿ ಬಂದು, ವ್ಯಕ್ತಿಯ ಅಪಾಯವೂ ಕಡಿಮೆಯಿದ್ದರೆ ಮತ್ತೊಮ್ಮೆ ಟೆಸ್ಟ್ ಮಾಡಿ ಆಮೇಲೆ ನಿರ್ಧರಿಸುವುದೇ ಒಳ್ಳೆಯದು.

ಪಾಸಿಟಿವ್ ಬಂದ ಮೇಲೆ ಬಿಡಲೇಬಾರದ ಹೆಜ್ಜೆಯೊಂದಿದೆ: ಸಕ್ರಿಯ ಟಿಬಿ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಈ ನಾಲ್ಕನ್ನೂ ಕೇಳಬೇಕು. ಎದೆಯ ಎಕ್ಸ್-ರೇ ಆಗಬೇಕು. ಎರಡರಲ್ಲಿ ಯಾವುದರಲ್ಲಾದರೂ ಅನುಮಾನ ಬಂದರೆ ಕಫವನ್ನು ಆಣ್ವಿಕ ಪರೀಕ್ಷೆಗೂ ಕಲ್ಚರ್‌ಗೂ ಕಳಿಸಬೇಕು. ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಸಕ್ರಿಯ ಟಿಬಿಯಲ್ಲಿ ಶ್ವಾಸಕೋಶದ ಒಂದು ಕುಳಿಯಲ್ಲೇ 10 ಕೋಟಿ ರೋಗಾಣುಗಳಿರಬಹುದು. ಸುಮಾರು 10 ಲಕ್ಷಕ್ಕೆ ಒಂದು ರೋಗಾಣು ಹುಟ್ಟಿನಿಂದಲೇ ಐಸೋನಿಯಾಜಿಡ್ ಎಂಬ ಟಿಬಿ ಔಷಧಿಗೆ ಬಗ್ಗದ್ದು. ಅಲ್ಲಿಗೆ ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಬಗ್ಗದ ನೂರು ರೋಗಾಣುಗಳು ಉಳಿದು ಬೆಳೆಯುತ್ತವೆ. ಸುಪ್ತ ಸೋಂಕಿನಲ್ಲಿ ರೋಗಾಣುಗಳ ಸಂಖ್ಯೆ ತೀರ ಕಡಿಮೆ, ಆದ್ದರಿಂದಲೇ ಅಲ್ಲಿ ಒಂದೇ ಔಷಧಿ ಸಾಕಾಗುತ್ತದೆ.

ಔಷಧಿಯ ಕಥೆ ಐಸೋನಿಯಾಜಿಡ್‌ನಿಂದ ಶುರು. 1982ರಲ್ಲಿ ಪ್ರಕಟವಾದ ಯುರೋಪಿನ ಏಳು ದೇಶಗಳ ಅಧ್ಯಯನದಲ್ಲಿ, ಎಕ್ಸ್-ರೇಯಲ್ಲಿ ಹಳೆಯ ಟಿಬಿ ಕಲೆಯಿದ್ದ ಸುಮಾರು 28 ಸಾವಿರ ಜನರಲ್ಲಿ 12 ವಾರದ ಚಿಕಿತ್ಸೆ ಟಿಬಿಯನ್ನು ಶೇ 21ರಷ್ಟು, 24 ವಾರದ್ದು ಶೇ 65ರಷ್ಟು, 52 ವಾರದ್ದು ಶೇ 75ರಷ್ಟು ತಗ್ಗಿಸಿತು. ಔಷಧಿಯನ್ನು ಸರಿಯಾಗಿ ಮುಗಿಸಿದವರಲ್ಲಿ 52 ವಾರದ ಫಲ ಶೇ 93. ಔಷಧಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅಷ್ಟು ದಿನ ನುಂಗುವವರು ಕಡಿಮೆ. ಯಾವ ನೋವೂ ಇಲ್ಲದ ಮನುಷ್ಯ ತಿಂಗಳುಗಟ್ಟಲೆ ದಿನಾ ಮಾತ್ರೆ ತೆಗೆದುಕೊಳ್ಳುವುದು ಸುಲಭವಲ್ಲ.

ಈ ಗಂಟನ್ನು ಬಿಡಿಸಿದ್ದು ರಿಫಾಮೈಸಿನ್ ವರ್ಗದ ಔಷಧಿಗಳು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯ-ಸಂಶೋಧಕ ಡಿಕ್ ಮೆಂಜೀಸ್ ಅವರ ತಂಡ ಒಂಬತ್ತು ದೇಶಗಳ 6 ಸಾವಿರದಷ್ಟು ವಯಸ್ಕರಲ್ಲಿ ನಾಲ್ಕು ತಿಂಗಳ ರಿಫಾಂಪಿಸಿನ್ ಅನ್ನು ಒಂಬತ್ತು ತಿಂಗಳ ಐಸೋನಿಯಾಜಿಡ್‌ಗೆ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಟಿಬಿ ತಡೆಯುವುದರಲ್ಲಿ ರಿಫಾಂಪಿಸಿನ್ ಹಿಂದೆ ಬೀಳಲಿಲ್ಲ. ಪೂರ್ತಿ ಮುಗಿಸಿದವರು 15 ಶೇಕಡಾಂಶದಷ್ಟು ಹೆಚ್ಚು. ತೀವ್ರವಾದ ಯಕೃತ್ತಿನ ತೊಂದರೆಯೂ ಬಹಳ ಕಡಿಮೆ. ಅದಕ್ಕೂ ಮುಂಚೆ, 2011ರಲ್ಲಿ, ವಾರಕ್ಕೊಮ್ಮೆ ರಿಫಾಪೆಂಟಿನ್ ಮತ್ತು ಐಸೋನಿಯಾಜಿಡ್ ಸೇರಿಸಿ ಕೊಡುವ 12 ಡೋಸಿನ ಕ್ರಮ ಸಾಬೀತಾಗಿತ್ತು. 50 ಕಿಲೋ ಮೀರಿದ ವಯಸ್ಕರಿಗೆ ಎರಡೂ 900 ಮಿಲಿಗ್ರಾಂ. ಬಿಡಿ ಮಾತ್ರೆಗಳಾದರೆ ಒಂದೇ ಸಲಕ್ಕೆ ಒಂಬತ್ತು, ಜೋಡಿ ಮಾತ್ರೆಯಾದರೆ ಮೂರು. ಊಟದ ಜೊತೆ ತೆಗೆದುಕೊಂಡರೆ ರಿಫಾಪೆಂಟಿನ್ ಚೆನ್ನಾಗಿ ಹೀರಿಕೆಯಾಗುತ್ತದೆ. ಒಂದು ವಾರ ತಪ್ಪಿದರೆ ನೆನಪಾದಾಗ ತಗೊಳ್ಳಬಹುದು, ಆದರೆ ಎರಡು ಡೋಸುಗಳ ನಡುವೆ 72 ಗಂಟೆಯಾದರೂ ಇರಬೇಕು. 16 ವಾರದೊಳಗೆ 11 ಡೋಸ್ ಆಗಿದ್ದರೆ ಮುಗಿದ ಲೆಕ್ಕ. ನಾಲ್ಕು ತಿಂಗಳ ರಿಫಾಂಪಿಸಿನ್‌ಗೆ ಲೆಕ್ಕ 120 ಡೋಸ್, ಆರು ತಿಂಗಳೊಳಗೆ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಎಂಡಿಆರ್ ಟಿಬಿ ರೋಗಿಯ ಸಂಪರ್ಕದವರಿಗೆ ಮಾತ್ರ ಇವ್ಯಾವುವೂ ಅಲ್ಲ, ಆರು ತಿಂಗಳ ಲಿವೊಫ್ಲಾಕ್ಸಾಸಿನ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2024ರ ಶಿಫಾರಸು.

ರಿಫಾಂಪಿಸಿನ್, ರಿಫಾಪೆಂಟಿನ್ ಎರಡೂ ಮೂತ್ರ, ಬೆವರು, ಕಣ್ಣೀರನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತವೆ. ಮೊದಲೇ ಹೇಳದಿದ್ದರೆ ಗಾಬರಿಯಾಗಿ ಅರ್ಧಕ್ಕೇ ಬಿಡುತ್ತಾರೆ. ನಿಜವಾದ ತೊಡಕು ಬೇರೆ. ಇವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಬೇರೆ ಔಷಧಿಗಳನ್ನು ಬೇಗ ಕರಗಿಸಿಬಿಡುತ್ತವೆ. ಗರ್ಭನಿರೋಧಕ ಮಾತ್ರೆ ನೆಚ್ಚುವಂತಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಟ್ಟ ಕುಸಿಯುತ್ತದೆ, ಕಸಿ ಮಾಡಿಸಿಕೊಂಡವರು ಅಂಗ ತಿರಸ್ಕಾರವಾಗದಂತೆ ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಸಾಲದಾಗುತ್ತದೆ, ಕೆಲವು ಎಚ್‌ಐವಿ ಔಷಧಿಗಳ ಡೋಸ್ ಬದಲಿಸಬೇಕಾಗುತ್ತದೆ. ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರೂ ವೈದ್ಯರ ಮುಂದಿರಲಿ. ಐಸೋನಿಯಾಜಿಡ್ ಇದ್ದರೆ ಕೈಕಾಲು ಜೋಮು ಹಿಡಿಯದಂತೆ ಪಿರಿಡಾಕ್ಸಿನ್, ಅಂದರೆ ಬಿ6 ಜೀವಸತ್ವ, ಸೇರಿಸುತ್ತಾರೆ. ಸಕ್ಕರೆ ಕಾಯಿಲೆ, ಗರ್ಭಿಣಿ, ಅಪೌಷ್ಟಿಕತೆ, ಎಚ್‌ಐವಿ ಇದ್ದಲ್ಲಿ ಇದನ್ನು ಬಿಡಬಾರದು.

ಯಕೃತ್ತಿನ ವಿಷಯದಲ್ಲಿ ರಕ್ತಪರೀಕ್ಷೆಗಿಂತ ಮೊದಲು ಎಚ್ಚರಿಸುವುದು ರೋಗಿಯ ಮೈಯೇ. ಹಸಿವು ಸಾಯುವುದು, ವಾಕರಿಕೆ, ವಿಪರೀತ ಸುಸ್ತು, ಬಲಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಏನೇ ಕಂಡರೂ ಮುಂದಿನ ಭೇಟಿಗೆ ಕಾಯದೆ ಅಂದೇ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಲಕ್ಷಣಗಳಿದ್ದು, ಯಕೃತ್ತಿನ ಹಾನಿಯನ್ನು ರಕ್ತದಲ್ಲಿ ತೋರಿಸುವ ಎಎಲ್‌ಟಿ ಎಂಬ ಕಿಣ್ವ ಸಾಮಾನ್ಯ ಮಿತಿಯ 3 ಪಟ್ಟು ಮೀರಿದರೆ, ಅಥವಾ ಲಕ್ಷಣವಿಲ್ಲದೆಯೇ 5 ಪಟ್ಟು ಮೀರಿದರೆ ಔಷಧಿ ನಿಲ್ಲಿಸುವುದು ನಿಯಮ. ಮದ್ಯ ಈ ಅವಧಿಯಲ್ಲಿ ಪೂರ್ತಿ ಬೇಡ.

ಮೆಂಜೀಸ್ ಅವರ ಗುಂಪಿನದೇ 2016ರ ಇನ್ನೊಂದು ವಿಶ್ಲೇಷಣೆ ನನ್ನನ್ನು ಇಂದಿಗೂ ಕಾಡುತ್ತದೆ. ತಪಾಸಣೆ ಆಗಬೇಕಿದ್ದ ಪ್ರತಿ 100 ಜನರಲ್ಲಿ ಟೆಸ್ಟ್ ಪೂರೈಸಿದವರು 72, ವೈದ್ಯಕೀಯ ತಪಾಸಣೆ ಮುಗಿಸಿದವರು 44, ಚಿಕಿತ್ಸೆ ಸೂಚಿಸಲ್ಪಟ್ಟವರು 35, ಪೂರ್ತಿ ಚಿಕಿತ್ಸೆ ಪಡೆದವರು 19. ಹೆಚ್ಚು ಜನ ಕೈತಪ್ಪಿದ್ದು ಮಾತ್ರೆ ಶುರುವಾಗುವ ಮೊದಲೇ. ಫಲಿತಾಂಶ ಕೇಳಲು ಬರಲಿಲ್ಲ, ಎಕ್ಸ್-ರೇಗೆ ಹೋಗಲಿಲ್ಲ, ಹೋದವರಿಗೆ "ಕಾಯಿಲೆ ಇಲ್ಲವಲ್ಲ, ಬೇಡ ಬಿಡಿ" ಎಂಬ ಉತ್ತರ ಸಿಕ್ಕಿತು. ಔಷಧಿಯ ಅವಧಿ ಎಷ್ಟೇ ಚಿಕ್ಕದಾದರೂ ಈ ಸೋರಿಕೆ ಮುಚ್ಚದೆ ಪ್ರಯೋಜನವಿಲ್ಲ. ಟೆಸ್ಟ್ ಓದುವ ದಿನವೇ ಎಕ್ಸ್-ರೇ ಆಗುವಂತೆ, ಅದೇ ಭೇಟಿಯಲ್ಲಿ ನಿರ್ಧಾರ ಹೊರಬೀಳುವಂತೆ ಏರ್ಪಾಡು ಮಾಡುವುದು ಹೊಸ ಔಷಧಿ ಹುಡುಕುವಷ್ಟೇ ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ.

ಚಿಕಿತ್ಸೆ ಮುಗಿದ ಮೇಲೆ "ಈಗ ನೆಗೆಟಿವ್ ಆಯಿತೇ ನೋಡೋಣ" ಎಂದು ಟೆಸ್ಟ್ ಮಾಡಿಸಬೇಡಿ. ನೆನಪು ಉಳಿದಿರುವುದರಿಂದ ಅದು ಪಾಸಿಟಿವ್ ಆಗಿಯೇ ಬರಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಯಾವ ಟೆಸ್ಟ್, ಎಷ್ಟು ಅಂಕಿ, ಯಾವ ಔಷಧಿ, ಎಷ್ಟು ಡೋಸ್, ಯಾವ ದಿನ ಮುಗಿಯಿತು ಎಂದು ಬರೆದ ಚೀಟಿಯನ್ನು ಎಕ್ಸ್-ರೇ ಜೊತೆ ಜೋಪಾನವಾಗಿಡಿ. ಮುಂದೆ ಕೆಲಸಕ್ಕೋ ವೀಸಾಕ್ಕೋ ಟೆಸ್ಟ್ ಕೇಳಿದಾಗ ಅದನ್ನೇ ತೋರಿಸಿ. ಈ ಚಿಕಿತ್ಸೆ ಹೊಸ ಸೋಂಕನ್ನು ತಡೆಯುವುದಿಲ್ಲ. ಆದ್ದರಿಂದ ಎರಡು ವಾರ ಮೀರಿದ ಕೆಮ್ಮು ಬಂದರೆ, ಚೀಟಿ ಕೈಯಲ್ಲಿದ್ದರೂ, ಕಫ ಪರೀಕ್ಷೆ ಮಾಡಿಸಲೇಬೇಕು.