ಡಾಕ್ಟರ್ ಮುಂದೆ ‘ಆರಾಮ ಅದೀನ್ರಿ’ ಅನ್ನಬೇಡಿ

‘ಹ್ಯಾಂಗದೀರಿ?’ ಅಂತ ಯಾರೇ ಕೇಳಿದರೂ ಕಲಬುರಗಿ ಕಡೆಯವರ ಬಾಯಿಂದ ತಾನಾಗಿಯೇ ಬರುವ ಮಾತು ‘ಆರಾಮ ಅದೀನ್ರಿ’. ತೀವ್ರ ಆತಂಕದಿಂದ ಕೆಲಸ ಬಿಟ್ಟು ಮನೆ ಹಿಡಿದವರು ಮನೋವೈದ್ಯರ ಕೋಣೆಯಲ್ಲೂ ಇದನ್ನೇ ಹೇಳಿಬಿಡುತ್ತಾರೆ. ಅಂಗವೈಕಲ್ಯ ಪ್ರಮಾಣಪತ್ರ ಎಷ್ಟೋ ಸಲ ಅಲ್ಲೇ ಕೈತಪ್ಪುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಆದರೆ ಚೀಟಿಯಲ್ಲಿ ಕಾಯಿಲೆಯ ಹೆಸರು ಇದ್ದ ಮಾತ್ರಕ್ಕೆ ಶೇಕಡಾವಾರು ಸಿಗುವುದಿಲ್ಲ. ವೈದ್ಯರು ‘ಐಡಿಯಾಸ್’ ಎಂಬ ಅಳತೆಯಲ್ಲಿ ನಾಲ್ಕು ಸಂಗತಿ ನೋಡುತ್ತಾರೆ: ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು-ತಿಳಿವಳಿಕೆ, ಕೆಲಸ. ಒಂದೊಂದಕ್ಕೆ 0ರಿಂದ 4 ಅಂಕ. ಇದರ ಮೇಲೆ, ಕಳೆದ ಎರಡು ವರ್ಷದಲ್ಲಿ ಎಷ್ಟು ತಿಂಗಳು ಕಾಯಿಲೆ ಕಾಡಿತು ಎಂಬುದಕ್ಕೆ 1ರಿಂದ 4. ಹದಿನೆಂಟು ತಿಂಗಳು ದಾಟಿದ್ದರೆ ಪೂರ್ತಿ 4. ಒಟ್ಟು 7 ಬಂದರೆ, ಮಾಸಾಶನದಂಥ ಸೌಲಭ್ಯಕ್ಕೆ ಬೇಕಾದ ಶೇ. 40ರ ಗೆರೆ ಮುಟ್ಟಿದಂತೆ. 6ಕ್ಕೆ ನಿಂತರೆ ಇಲ್ಲ.

ಲೆಕ್ಕ ಹಾಕಿ ನೋಡಿ. ಒಡನಾಟಕ್ಕೆ 1, ಕೆಲಸಕ್ಕೆ 1, ಅವಧಿಗೆ 4: ಆರೇ ಆಯಿತು. ಕೆಲಸ ಪೂರ್ತಿ ನಿಂತಿದ್ದನ್ನು ಸಂಕೋಚಪಟ್ಟು ‘ಆಗಾಗ ಹೋಗ್ತೀನ್ರಿ’ ಎಂದಿದ್ದರಿಂದಲೇ ಬೇಕಿದ್ದ ಏಳನೇ ಅಂಕ ಕೈತಪ್ಪಿತು.

ಹಾಗಾಗಿ ಹೋಗುವ ಮುಂಚೆ ಮನೆಯವರು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ‘ಅಂಜಿಕೆ ಭಾಳ’ ಅಂತ ಬರೆದರೆ ಏನೂ ತಿಳಿಯುವುದಿಲ್ಲ. ‘ಸೂಪರ್ ಮಾರ್ಕೆಟ್‌ಗೆ ಅಂತ ಆಟೋ ಹತ್ತಿದವ ಜಗತ್ ಸರ್ಕಲ್‌ನಲ್ಲೇ ಬೆವೆತು ಇಳಿದು ಮನೆಗೆ ಬಂದ; ನಾಲ್ಕು ದಿನ ಸ್ನಾನ ಮಾಡಲಿಲ್ಲ; ಫೋನ್ ರಿಂಗಾದರೆ ಇನ್ನೊಬ್ಬರ ಕೈಗೆ ಕೊಡ್ತಾನೆ’ ಎಂದು ಬರೆದರೆ ವೈದ್ಯರಿಗೆ ಅಂಕ ಹಾಕಲು ಆಧಾರ ಸಿಗುತ್ತದೆ. ಇಲ್ಲದ್ದನ್ನು ಸೇರಿಸಬೇಡಿ, ಹಳೆಯ ಚೀಟಿಗಳೊಂದಿಗೆ ತಾಳೆಯಾಗದಿದ್ದರೆ ನಿಜವನ್ನೂ ನಂಬುವುದಿಲ್ಲ. ಎರಡು ವರ್ಷದ ಓಪಿಡಿ ಚೀಟಿ, ಗುಳಿಗೆ ಬಿಲ್ಲು, ಕೆಲಸದ ಕಡೆಯ ಹಾಜರಿ ವಿವರ, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಚಿಕಿತ್ಸೆ ಇನ್ನೂ ಶುರುವಾಗದಿದ್ದರೆ ಮೊದಲು ಅದನ್ನು ಶುರುಮಾಡಿ, ಅರ್ಜಿ ಆಮೇಲೆ. ಹೊರಗೆ ಹೋಗಲೂ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಹಗಲೂ ರಾತ್ರಿಯೂ ಉಚಿತ.

ಪ್ರಮಾಣಪತ್ರಕ್ಕೆ ಅರ್ಜಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೊ, ವಿಳಾಸದ ದಾಖಲೆ ಸಾಕು. ಆಸ್ಪತ್ರೆ ಆರಿಸುವಾಗ ಮನೋವೈದ್ಯರು ಇರುವ ಕಡೆಯೇ ಆರಿಸಿ: ಕಲಬುರಗಿಯವರಿಗೆ ಜಿಮ್ಸ್, ಬೀದರ್‌ನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ ಅಂದರೆ ಎಲ್ಲರಿಗೂ ಗೊತ್ತು) ಹಿಡಿಯಿರಿ, ಅರ್ಜಿ ಹಾಕಿಸುವುದು ಅವರ ಕೆಲಸವೇ. ಓಪಿಡಿ ಗದ್ದಲಕ್ಕೇ ಎದೆ ಢವಢವ ಅಂದೀತು. ಜೊತೆಗೆ ಬಂದವರು ಪಾಳಿಯಲ್ಲಿ ನಿಲ್ಲಲಿ, ರೋಗಿ ಹೊರಗೆ ಮರದ ನೆರಳಲ್ಲಿ ಕೂತಿರಲಿ.

ಪ್ರಮಾಣಪತ್ರದ ಜೊತೆ ಸಿಗುವ ಅಂಗವೈಕಲ್ಯ ಗುರುತಿನ ಕಾರ್ಡು (ಯುಡಿಐಡಿ) ಬಿಳಿ ಬಂದರೆ ಶೇ. 40ಕ್ಕಿಂತ ಕಡಿಮೆ, ಹಳದಿ 40ರಿಂದ 80ರೊಳಗೆ, ನೀಲಿ 80 ಮತ್ತು ಮೇಲೆ. ಮಾನಸಿಕ ಕಾಯಿಲೆಗೆ ಪ್ರಮಾಣಪತ್ರ ತಾತ್ಕಾಲಿಕವಾಗಿರುವುದುಂಟು. ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ, ಮರೆತರೆ ಮಾಸಾಶನಕ್ಕೂ ಕುತ್ತು.

ಮಾಸಾಶನಕ್ಕೆ ನಾಡಕಚೇರಿ. ಶೇ. 40ರ ಮೇಲಿದ್ದರೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಮನೆ ನಡೆಸಲು ಸಾಲದು ಎಂಬುದು ಎಲ್ಲರಿಗೂ ಗೊತ್ತು, ಆದರೂ ಬಿಡಬೇಡಿ. ಆದಾಯ ಪ್ರಮಾಣಪತ್ರ ಬೇಕು. ಅರ್ಜಿ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ‘ಶರಣಪ್ಪ’, ರೇಷನ್ ಕಾರ್ಡ್‌ನಲ್ಲಿ ‘ಶರಣಬಸಪ್ಪ’. ಮೊದಲು ಅದನ್ನು ಸರಿಮಾಡಿಸಿ. ಮಂಜೂರಾದರೂ ದುಡ್ಡು ಬರದಿದ್ದರೆ, ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಎನ್‌ಪಿಸಿಐನಲ್ಲಿ (ಸರ್ಕಾರದ ದುಡ್ಡನ್ನು ಆಧಾರ್ ಮೂಲಕ ಖಾತೆಗೆ ತಲುಪಿಸುವ ವ್ಯವಸ್ಥೆ) ಜೋಡಣೆಯಾಗಿದೆಯೇ ಕೇಳಿ. ಪಾಸ್‌ಬುಕ್‌ಗೆ ಆಧಾರ್ ಝೆರಾಕ್ಸ್ ಕೊಟ್ಟದ್ದೇ ಬೇರೆ, ಇದೇ ಬೇರೆ.

ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿದ್ದು ಪಗಾರದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ದಾರಿ ಬೇರೆಯೇ ಇದೆ. ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ, ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70ರಷ್ಟು ಸಿಗುತ್ತದೆ. ಇದಕ್ಕೆ ಅಂಗವೈಕಲ್ಯ ಕಾರ್ಡು ಬೇಡ. ರಾಜೀನಾಮೆ ಬರೆದುಕೊಡುವ ಮೊದಲೇ ಇಎಸ್‌ಐ ದವಾಖಾನೆಗೆ ಹೋಗಿ ಬನ್ನಿ.