ಪರಿವರ್ತಕಕ್ಕೆ ಬೇರೆ ಮನೆ

ಹಳೆಯ ಕನ್ನಡ ಪುಸ್ತಕಗಳ ಪಠ್ಯವನ್ನು ಹಲವರು ಸೇರಿ ತಿದ್ದಲಿ ಎಂದು ನಾವು ಕೆಲವರು ಒಂದು ವೆಬ್ ಆ್ಯಪ್ ನಡೆಸುತ್ತಿದ್ದೇವೆ. ಮುಕ್ತ ತಂತ್ರಾಂಶ, ಜಿಪಿಎಲ್ ಲೈಸೆನ್ಸ್ (ಯಾರು ಬೇಕಾದರೂ ಬಳಸಿ ತಿದ್ದಬಹುದು, ತಿದ್ದಿದ್ದನ್ನು ಹಂಚುವುದಾದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು). ಅದರ ಒಂದು ಫೋಲ್ಡರಿನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಪಠ್ಯವನ್ನು ಇಂದಿನ ಎಲ್ಲ ಕಂಪ್ಯೂಟರುಗಳಿಗೂ ತಿಳಿಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತರುವ ಪರಿವರ್ತಕ ಇತ್ತು. ನಮಗೆ ಬರುತ್ತಿದ್ದ ಮೇಲ್‌ಗಳು ಹೆಚ್ಚಾಗಿ ಅದರ ಬಗ್ಗೆಯೇ. ಪಿಎಚ್‌ಡಿ ಪ್ರಬಂಧವನ್ನು ನುಡಿಯಲ್ಲಿ ಟೈಪ್ ಮಾಡಿಸಿದ್ದವರು, ಸಂಘದ ಸ್ಮರಣ ಸಂಚಿಕೆಯ ಫೈಲು ಇಟ್ಟುಕೊಂಡವರು, ಸಣ್ಣ ಪ್ರಕಾಶಕರು. ಇವರಿಗೆ ನಮ್ಮ ಲಾಗಿನ್, ಡೇಟಾಬೇಸ್ ಯಾವುದೂ ಬೇಕಿರಲಿಲ್ಲ. ಪರಿವರ್ತಕವನ್ನು ಅದರದ್ದೇ ರೆಪೊಸಿಟರಿಗೆ (ಕೋಡನ್ನೂ ಅದರ ಇತಿಹಾಸವನ್ನೂ ಇಡುವ ಕಣಜಕ್ಕೆ) ಬೇರ್ಪಡಿಸೋಣ ಎಂದು ತೀರ್ಮಾನಿಸಿ ಒಂದು ಶನಿವಾರ ಕೂತೆವು.

ಈ ಪರಿವರ್ತಕ ಮಾಡುವುದು ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ದ ನಕಾರ ಪೌಂಡ್ ಚಿಹ್ನೆಯಾಗಿ ಕಾಣುತ್ತದೆ. ಸಾಲದ್ದಕ್ಕೆ, ನುಡಿಯದು ಕಣ್ಣಿಗೆ ಕಾಣುವ ಕ್ರಮ, ಯೂನಿಕೋಡ್‌ನದು ಉಚ್ಚಾರಣೆಯ ಕ್ರಮ. ‘ಸೂರ್ಯ’ದಲ್ಲಿ ನುಡಿ ಮೊದಲು ಯ ಇಟ್ಟು ಆಮೇಲೆ ಅರ್ಕಾವತ್ತು ಇಡುತ್ತದೆ, ಯೂನಿಕೋಡ್‌ಗೆ ರ, ವಿರಾಮ (ಸ್ವರ ಇಲ್ಲವೆನ್ನುವ ಚಿಹ್ನೆ), ಯ ಎಂದೇ ಬೇಕು. ‘ಮುಕ್ತಿ’ಯಲ್ಲಿ ನುಡಿಗೆ ‘ಕಿ’ ಒಂದೇ ತುಣುಕು, ಅದರ ಬೆನ್ನಿಗೆ ತಕಾರದ ಒತ್ತು. ಆ ‘ಕಿ’ಯನ್ನು ಬಿಡಿಸಿ, ಗುಡಿಸನ್ನು ತಕಾರದ ಆಚೆಗೆ ಒಯ್ಯಬೇಕು. ಇಂಥ ನಿಯಮಗಳನ್ನು ವರ್ಷಗಟ್ಟಲೆ ಜನ ಒಂದೊಂದಾಗಿ ಕಳಿಸಿಕೊಟ್ಟಿದ್ದರು.

ಅದಕ್ಕೇ ನಾನು ಒಂದು ವಿಷಯದಲ್ಲಿ ಪಟ್ಟು ಹಿಡಿದೆ. ಫೈಲುಗಳನ್ನು ಕಾಪಿ ಮಾಡಿ, ಹೊಸ ರೆಪೊದಲ್ಲಿ ‘ಮೊದಲ ಕಮಿಟ್’ (ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್) ಎಂದು ಹಾಕಿದರೆ ಐದು ನಿಮಿಷದ ಕೆಲಸ. ಆದರೆ ಹಿಂದಿನ ಇತಿಹಾಸವೆಲ್ಲ ಅಲ್ಲಿ ಅಳಿಸಿಹೋಗುತ್ತದೆ. ಪರಿವರ್ತಕದಲ್ಲಿ ಒಂದು ವಿಚಿತ್ರ ಸಾಲಿದೆ: ರಕಾರಕ್ಕೆ ಒತ್ತು ಬಂದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಸೇರಿಸುತ್ತದೆ. ಏಕೆಂದು ತಿಳಿಯದವರು ಅನಗತ್ಯವೆಂದು ತೆಗೆದೇ ಹಾಕುತ್ತಾರೆ. ಆ ಸಾಲಿನ ಮೇಲೆ ಗಿಟ್ ಬ್ಲೇಮ್ (ಕೋಡಿನ ಇತಿಹಾಸ ಕಾಯುವ ಗಿಟ್ ತಂತ್ರಾಂಶದಲ್ಲಿ, ಯಾವ ಸಾಲನ್ನು ಯಾರು ಬರೆದರೆಂದು ತೋರಿಸುವ ಆಜ್ಞೆ) ಓಡಿಸಿದರೆ ನಿವೃತ್ತ ಮೇಷ್ಟ್ರೊಬ್ಬರ ಕಮಿಟ್ ಸಿಗುತ್ತದೆ. ‘ರ‍್ಯಾಂಕ್’ ಎಂಬ ಪದ ಪರಿವರ್ತನೆಯಾದ ಮೇಲೆ ‘ರ್ಯಾಂಕ್’ ಆಗಿ, ಯಕಾರದ ಮೇಲೆ ಅರ್ಕಾವತ್ತು ಬಂದು ಕೂರುತ್ತಿದೆ, ಓದುಗರಿಗೆ ತೊಡಕಾಗುತ್ತದೆ ಎಂದು ಅವರು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದಿದ್ದಾರೆ. ಪ್ರೋಗ್ರಾಮಿಂಗ್ ಕಲಿತದ್ದೇ ನಿವೃತ್ತಿಯ ನಂತರ. ಆ ಸಾಲು ನನ್ನ ಹೆಸರಿನಲ್ಲಿ ಹೊಸ ರೆಪೊಗೆ ಹೋಗುವುದು ನನಗೆ ಸುತರಾಂ ಒಪ್ಪಿಗೆಯಿರಲಿಲ್ಲ.

ಒಂದು ಫೋಲ್ಡರನ್ನು ಇತಿಹಾಸ ಸಮೇತ ಬೇರ್ಪಡಿಸಲು ಗಿಟ್ ಜೊತೆಗೇ ಬರುವ ಫಿಲ್ಟರ್-ಬ್ರಾಂಚ್ ಬಗ್ಗೆ ಗಿಟ್ಟೇ ಎಚ್ಚರಿಕೆ ಕೊಟ್ಟು, ಇಲೈಜಾ ನ್ಯೂರೆನ್ ಬರೆದ ಫಿಲ್ಟರ್-ರೆಪೊ ಬಳಸಿ ಎನ್ನುತ್ತದೆ. ಅದನ್ನೇ ಬಳಸಿದೆವು. ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲದಿದ್ದರೆ ಅದು ಕೆಲಸ ಶುರುಮಾಡುವುದಿಲ್ಲ. ಬಲವಂತ ಮಾಡಬಹುದು, ಆದರೆ ಆ ನಿರಾಕರಣೆ ಒಳ್ಳೆಯದಕ್ಕೇ. ಒಮ್ಮೆ ತಿದ್ದಿ ಬರೆದ ಇತಿಹಾಸವನ್ನು ಹಿಂದಕ್ಕೆ ತರುವುದು ಕಷ್ಟ. ಫೋಲ್ಡರಿನ ಹೆಸರು ಬದಲಾಗಿದ್ದರೆ ಅದು ತಾನಾಗಿ ಹಿಂಬಾಲಿಸುವುದೂ ಇಲ್ಲ. ನಮ್ಮ ಪರಿವರ್ತಕ ಹಿಂದೆ ‘ಯುಟಿಲ್ಸ್’ನಲ್ಲಿತ್ತು, ಆಮೇಲೆ ‘ಲಿಬ್’ಗೆ ಹೋಯಿತು, ಕೊನೆಗೆ ‘ಕನ್ವರ್ಟರ್’ ಆಯಿತು. ಮೇಷ್ಟ್ರ ಕಮಿಟ್ ‘ಯುಟಿಲ್ಸ್’ ಕಾಲದ್ದು. ಆದ್ದರಿಂದ ಮೊದಲು ಫಿಲ್ಟರ್-ರೆಪೊದ ಅನಲೈಜ್ ಆಯ್ಕೆಯನ್ನು ಓಡಿಸಿ, ಅದು ಕೊಡುವ ಮರುನಾಮಕರಣಗಳ ವರದಿ ನೋಡಿಕೊಂಡು, ಹಳೆಯ ದಾರಿಗಳನ್ನೆಲ್ಲ ಒಂದೊಂದಾಗಿ ಬರೆದುಕೊಟ್ಟೆವು.

ಲೇಖಕರ ಹೆಸರು, ತಾರೀಖು ಹಾಗೇ ಉಳಿದವು. ಹ್ಯಾಶ್‌ಗಳು (ಪ್ರತಿ ಕಮಿಟ್ ಅನ್ನು ಗುರುತಿಸುವ ಸಂಕೇತಗಳು) ಮಾತ್ರ ಎಲ್ಲವೂ ಬದಲಾದವು. ಪ್ರತಿ ಕಮಿಟ್‌ನ ಹ್ಯಾಶ್ ತನ್ನ ಹಿಂದಿನದನ್ನೂ ಒಳಗೊಂಡೇ ಲೆಕ್ಕವಾಗುವುದರಿಂದ ಅದು ಅನಿವಾರ್ಯ. ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆ ತೋರಿಸುವ ಪಟ್ಟಿಯನ್ನು ಫಿಲ್ಟರ್-ರೆಪೊ ಉಳಿಸುತ್ತದೆ, ಅದನ್ನು ಜೋಪಾನ ಮಾಡಿಟ್ಟೆವು. ಕಮಿಟ್ ಸಂದೇಶಗಳಲ್ಲಿದ್ದ ಇಶ್ಯೂ (ದೂರು, ಸಲಹೆಗಳ ದಾಖಲೆ) ಸಂಖ್ಯೆಗಳದು ಇನ್ನೊಂದು ತಲೆನೋವು. ಹೊಸ ರೆಪೊದಲ್ಲಿ ಅದೇ ಸಂಖ್ಯೆ ನಾಳೆ ಬೇರೆ ಯಾವುದೋ ಇಶ್ಯೂಗೆ ಸೇರುತ್ತದೆ. ಪ್ರತಿ ಸಂಖ್ಯೆಯ ಹಿಂದೆ ಹಳೆಯ ರೆಪೊದ ಹೆಸರು ಸೇರುವಂತೆ ಸಣ್ಣ ಪೈಥಾನ್ ತುಣುಕು ಬರೆದು ಸರಿಪಡಿಸಿದೆವು.

ಮಧ್ಯಾಹ್ನದ ನಂತರ ಕೋಡ್ ಬಿಡಿಸುವ ಕೆಲಸ. ಪರಿವರ್ತಕ ಆ್ಯಪ್‌ನ ಸೆಟ್ಟಿಂಗ್ಸ್ ಓದುತ್ತಿತ್ತು. ಈಗ ಬೇಕಾದ್ದನ್ನು ಪರಿವರ್ತಕವನ್ನು ಬಳಸುವ ಪ್ರೋಗ್ರಾಮೇ ಕೊಡಬೇಕು. ಪರೀಕ್ಷೆಗೆ ಬಳಸುತ್ತಿದ್ದ ಮಾದರಿ ಪುಟಗಳಲ್ಲಿ ಪ್ರಕಟಿಸಲು ಒಪ್ಪಿಗೆ ಇದ್ದವನ್ನಷ್ಟೇ ಒಯ್ದೆವು.

ಲೈಸೆನ್ಸ್ ಸಡಿಲ ಮಾಡಿ ಎಂಐಟಿಗೆ ಬದಲಿಸೋಣವೇ ಎಂಬ ಮಾತೂ ಬಂತು. ಪರಿವರ್ತಕ ಹೆಚ್ಚು ಕಡೆ ಬಳಕೆಯಾಗಲಿ ಎಂಬ ಆಸೆ ನ್ಯಾಯವಾದದ್ದೇ. ಆದರೆ ಬರೆದವರೆಲ್ಲರಿಗೂ ಅವರವರ ಸಾಲುಗಳ ಮೇಲೆ ಹಕ್ಕಿದೆ, ಅವರೆಲ್ಲರ ಒಪ್ಪಿಗೆ ಕೇಳಬೇಕು. ಯಾರನ್ನು ಕೇಳಬೇಕು ಎಂಬ ಪಟ್ಟಿ ಇತಿಹಾಸ ಉಳಿಸಿಕೊಂಡದ್ದರಿಂದಲೇ ನಮ್ಮ ಕೈಯಲ್ಲಿದೆ. ಸದ್ಯಕ್ಕೆ ಜಿಪಿಎಲ್ ಇರಲಿ ಎಂದು ಬಿಟ್ಟೆವು. ನನ್ನ ಮಟ್ಟಿಗೆ ಅದೇ ಸರಿ.

ಬೇರ್ಪಡಿಸುವುದಕ್ಕೆ ಬೆಲೆಯೂ ಇದೆ. ತಂಡದ ಗೆಳತಿಯೊಬ್ಬಳ ಆಕ್ಷೇಪ ಇಂದಿಗೂ ನಿಜ: ಪರಿವರ್ತಕದಲ್ಲಿ ಒಂದು ಒತ್ತು ತಿದ್ದಿದರೂ ಅಲ್ಲಿ ಹೊಸ ಆವೃತ್ತಿ ಹೊರಡಿಸಿ, ಇಲ್ಲಿ ಆವೃತ್ತಿ ಸಂಖ್ಯೆ ಏರಿಸಬೇಕು. ಮೊದಲು ಒಂದೇ ಪುಲ್ ರಿಕ್ವೆಸ್ಟಿನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಮುಗಿಯುತ್ತಿತ್ತು. ಆದರೂ ಈಗ ಯಾರಾದರೂ ಮೇಲ್ ಮಾಡಿದರೆ ಪರಿವರ್ತಕವನ್ನು ನೇರವಾಗಿ ಅಳವಡಿಸಿಕೊಳ್ಳುವ ಪಿಪ್ ಇನ್‌ಸ್ಟಾಲ್‌ನ ಒಂದು ಸಾಲು ಕಳಿಸುತ್ತೇವೆ, ಅವರ ಕೆಲಸ ಆಗುತ್ತದೆ. ಹೊಸ ರೆಪೊಗೆ ಬಂದ ಮೊದಲ ತಿದ್ದುಪಡಿ ನಮ್ಮ ಆ್ಯಪ್ ಅನ್ನು ಒಮ್ಮೆಯೂ ತೆರೆಯದವರಿಂದ. ನುಡಿಯಂಥದ್ದೇ ಇನ್ನೊಂದು ತಂತ್ರಾಂಶವಾದ ಶ್ರೀಲಿಪಿಯ ಪರಿವರ್ತನೆಯ ಕೋಷ್ಟಕ ಇನ್ನೂ ಅರ್ಧದಲ್ಲಿದೆ, ಅದಕ್ಕೆ ಮಾದರಿ ಫೈಲುಗಳು ಬೇಕಾಗಿವೆ.